ಎಂಜಿನ್ನಿಗೆ ಕಟ್ಟುವ ಕಾರ್ಬನ್: ಮೊದಲು ಕಾರಣ, ಆಮೇಲೆ ತೊಳೆತ



ತೋಟದ ಎಂಜಿನ್ನು ಕೆಡುವುದು ಸಾಮಾನ್ಯವಾಗಿ ಅದರ ಕೆಲಸ ಬಂದ ದಿನವೇ. ಮಲೆನಾಡಿನ ಸದಸ್ಯರು ಮುಂಗಾರಿಗೆ ಮುನ್ನ ಅಡಿಕೆಗೆ ಬೋರ್ಡೋ ಹೊಡೆಯಲು ಆಳುಗಳನ್ನು ಗೊತ್ತು ಮಾಡಿರುತ್ತಾರೆ. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸಿ ದ್ರಾವಣ ಸಿದ್ಧವಾಗಿರುತ್ತದೆ. ಅದನ್ನು ಅಂದೇ ಮುಗಿಸಬೇಕು. ಸ್ಪ್ರೇಯರಿನ ಹಗ್ಗ ಎಳೆದೇ ಎಳೆಯುತ್ತಾರೆ, ಎಂಜಿನ್ನು ಮಾತಾಡುವುದಿಲ್ಲ. ಕೊಡಗಿನ ಕಡೆಯವರಿಗೆ ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಕಾಲ. ಡೀಸೆಲ್ ಎಂಜಿನ್ನು ಆ ವಾರ ಕೈಕೊಟ್ಟರೆ ಆ ವರ್ಷದ ಫಸಲಿಗೇ ಪೆಟ್ಟು. ನಮ್ಮ ಸುತ್ತೂರಿನ ಕಪಿಲೆ ದಡದಲ್ಲಿ ಅಷ್ಟು ಮಳೆಯೂ ಇಲ್ಲ, ಕಾಫಿಯ ಹೂವಿನ ಚಿಂತೆಯೂ ಇಲ್ಲ. ಆದರೆ ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟಾಗ ಅಡಿಕೆಗೆ ನೀರು ಹಾಯಿಸುವ ಪಂಪ್‌ಸೆಟ್ಟು, ನಂಜನಗೂಡಿಗೂ ಮೈಸೂರಿಗೂ ಓಡಾಡುವ ಹಳೆಯ ಕಾರು, ಕಳೆ ಹೊಡೆಯುವ ಯಂತ್ರ ಇವು ಎಲ್ಲರ ಮನೆಯಲ್ಲೂ ಉಂಟು.

ಇವೆಲ್ಲಕ್ಕೂ ಬರುವ ಒಂದು ಸಾಮಾನ್ಯ ಕಾಯಿಲೆ ಕಾರ್ಬನ್ ಕಟ್ಟುವುದು. ಗ್ಯಾರೇಜಿಗೆ ಹೋದರೆ 'ಕಾರ್ಬನ್ ಕೂತಿದೆ, ತೊಳೆಯಬೇಕು' ಎನ್ನುತ್ತಾರೆ. ತೊಳೆಸುತ್ತೇವೆ, ದುಡ್ಡು ಕೊಡುತ್ತೇವೆ, ಕೆಲವು ವಾರದಲ್ಲಿ ಮತ್ತೆ ಅದೇ ಕತೆ. ಈ ಪಾಠದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ಕಾರ್ಬನ್ ಎಂಬುದು ಕಾಯಿಲೆಯ ಗುರುತು. ಅದು ಏಕೆ ಕಟ್ಟಿತು ಎಂದು ಮೊದಲು ಕಂಡುಕೊಳ್ಳದೆ ತೊಳೆದರೆ ತೊಳೆತ ಉಳಿಯುವುದಿಲ್ಲ.

ನನ್ನ ಅನುಭವ

ನನ್ನಲ್ಲಿ ಕಾರ್ಬುರೇಟರ್ ಕಾಲದ ಒಂದು ಸಣ್ಣ ಪೆಟ್ರೋಲ್ ಕಾರಿತ್ತು. ನದಿಯ ಕಡೆಯಿಂದ ಏರು ಹತ್ತುವಾಗ ಎಂಜಿನ್ನು ಟಕಟಕನೆ ಬಡಿಯುತ್ತಿತ್ತು. ಕೀಲಿ ತೆಗೆದ ಮೇಲೂ ಎರಡು ಮೂರು ಸಲ ಗುಟುರು ಹಾಕಿ ನಿಲ್ಲುತ್ತಿತ್ತು. ಪೆಟ್ರೋಲು ವಿಪರೀತ ಕುಡಿಯುತ್ತಿತ್ತು. ಪಟ್ಟಣದ ಒಂದು ಗ್ಯಾರೇಜಿನಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಕಾರ್ಬುರೇಟರ್ ತೊಳೆಸಿದೆ. ಪ್ರತಿ ಸಲವೂ ಹದಿನೈದು ದಿನ ಸುಖ. ಮೂರನೆಯ ಸಲ 'ಬೋರ್ ಮಾಡಿಸಬೇಕು, ಹೆಡ್ ಇಳಿಸಬೇಕು' ಎಂದರು. ಅದಕ್ಕೆ ತಗಲುವ ಖರ್ಚು ಕೇಳಿ ಕಾರನ್ನು ಮನೆಗೆ ತಂದು ನಿಲ್ಲಿಸಿದೆ.

ನೆಂಟರೊಬ್ಬರು ಬಂದಿದ್ದರು, ಹಳೆಯ ಬಸ್ ಡಿಪೋ ಕೆಲಸಗಾರರು. ಅವರು ಕಾರ್ಬುರೇಟರನ್ನು ಮುಟ್ಟಲಿಲ್ಲ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಚೋಕಿನ ಗುಂಡಿಯನ್ನು ಒಳಕ್ಕೆ ತಳ್ಳಲು ಹೇಳಿದರು. ಗುಂಡಿ ಒಳಗೆ ಹೋಯಿತು, ಚೋಕಿನ ಎಲೆ ಮಾತ್ರ ಅರ್ಧ ಮುಚ್ಚಿಕೊಂಡೇ ಇತ್ತು. ತಂತಿ ಸಿಕ್ಕಿಕೊಂಡಿತ್ತು. ಅಂದರೆ ವರ್ಷವಿಡೀ ಎಂಜಿನ್ನು ಅರ್ಧ ಮೂಗು ಮುಚ್ಚಿಕೊಂಡು ಓಡಿತ್ತು. ಆಮೇಲೆ ರೇಡಿಯೇಟರಿನ ಮೇಲಿನ ಕೊಳವೆ ಬಿಚ್ಚಿ ನೋಡಿದರೆ ಥರ್ಮೋಸ್ಟಾಟೇ ಇಲ್ಲ. ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆಂದು ಹಿಂದೆ ಯಾರೋ ತೆಗೆದುಹಾಕಿದ್ದರು. ಹೀಗಾಗಿ ಎಂಜಿನ್ನು ಹದವಾದ ಕಾವಿಗೆ ಬರುತ್ತಲೇ ಇರಲಿಲ್ಲ. ತಂತಿ ಸರಿಮಾಡಿ, ಥರ್ಮೋಸ್ಟಾಟ್ ಹಾಕಿಸಿ, ಕೊನೆಯ ಸಲ ತೊಳೆದದ್ದಾಯಿತು. ಬೋರ್ ಮಾಡಿಸುವ ಪ್ರಮೇಯ ಬರಲಿಲ್ಲ.

ಕಾರ್ಬನ್ ಎಲ್ಲಿಂದ ಬರುತ್ತದೆ?

ಹಸಿ ಸೌದೆಯ ಒಲೆಯನ್ನು ನೆನೆಯಿರಿ. ಗಾಳಿ ಸಾಲದು, ಕಾವು ಸಾಲದು. ಆಗ ಉರಿಗಿಂತ ಹೊಗೆ ಹೆಚ್ಚು, ಪಾತ್ರೆಯ ತಳಕ್ಕೆ ಮಸಿ. ಎಂಜಿನ್ನಿನ ಒಳಗೂ ಇದೇ ನ್ಯಾಯ. ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಎಲ್ಲವೂ ಇಂಗಾಲ ಮತ್ತು ಜಲಜನಕ ಕೂಡಿ ಆದವು. ಪೂರ್ತಿ ಉರಿದರೆ ಇಂಗಾಲಾಮ್ಲ ಅನಿಲವಾಗಿಯೂ ನೀರಿನ ಆವಿಯಾಗಿಯೂ ಹೊರಗೆ ಹೋಗುತ್ತವೆ. ಅರೆಬರೆ ಉರಿದರೆ ಇಂಗಾಲ ಮಸಿಯಾಗಿ ಒಳಗೇ ಉಳಿಯುತ್ತದೆ.

ಗಾಳಿ ಎಷ್ಟು ಬೇಕು ಎಂಬುದನ್ನು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರು ಪೆಟ್ರೋಲು ಉರಿಯಲು ಹತ್ತಿರ ಹತ್ತಿರ 9,000 ಲೀಟರು ಗಾಳಿ. ಎಥನಾಲ್ ಬೆರೆತ ಪೆಟ್ರೋಲಾದರೆ ಸ್ವಲ್ಪ ಕಡಿಮೆ. ಇಷ್ಟು ಗಾಳಿಯೂ ಏರ್ ಫಿಲ್ಟರಿನ ಮೂಲಕವೇ ಬರಬೇಕು. ಒಣಗಿದ ತೋಟದ ದಾರಿಯಲ್ಲಿ, ಧೂಳೆಬ್ಬಿಸುವ ಕಳೆ ಯಂತ್ರದಲ್ಲಿ ಆ ಫಿಲ್ಟರಿನ ಗತಿ ಏನಾಗಿರುತ್ತದೆ ಎಂದು ತಾವೇ ಊಹಿಸಬಹುದು.

ಎಂಜಿನ್ನಿನೊಳಗೆ ಕಟ್ಟುವ ಕೊಳೆ ಎರಡು ಬಗೆಯದು. ಒಂದು ಮಸಿ, ಅದು ಉರಿಯುವ ಜಾಗದಲ್ಲಿ ಕೂರುತ್ತದೆ: ಪ್ಲಗ್ಗು, ಪಿಸ್ಟನ್ನಿನ ತಲೆ, ವಾಲ್ವು, ಸೈಲೆನ್ಸರು. ಇನ್ನೊಂದು ಗೋಂದು. ಪೆಟ್ರೋಲು ಒಂದೆರಡು ತಿಂಗಳು ನಿಂತಲ್ಲೇ ನಿಂತರೆ ಅದರ ಹಗುರ ಭಾಗ ಆವಿಯಾಗಿ ಹೋಗುತ್ತದೆ, ಉಳಿದದ್ದು ಗಾಳಿಯೊಡನೆ ಸೇರಿ ಹಲಸಿನ ಮೇಣದಂತೆ ಅಂಟಾಗುತ್ತದೆ. ಇದು ಕಾರ್ಬುರೇಟರಿನ ಬಟ್ಟಲಲ್ಲಿ, ಜೆಟ್ಟಿನ ಸಣ್ಣ ತೂತಿನಲ್ಲಿ ಕಟ್ಟುತ್ತದೆ. ಮಸಿಗೆ ಕಾರಣ ಉರಿಯ ದೋಷ, ಗೋಂದಿಗೆ ಕಾರಣ ಇಂಧನ ನಿಂತದ್ದು. ಮದ್ದು ಬೇರೆ ಬೇರೆ.

ಯಂತ್ರ ತಾನೇ ಹೇಳುವ ಗುರುತು

ಬಿಚ್ಚುವ ಮೊದಲು ಮೂರು ಗುರುತು ನೋಡಿ.

ಮೊದಲನೆಯದು ಹೊಗೆ. ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು ಅಥವಾ ವಾಲ್ವಿನ ಸೀಲು ಸವೆದಿದೆ. ಡೀಸೆಲ್ ಎಂಜಿನ್ನಿನಲ್ಲಿ ಬಿಳಿ ಹೊಗೆ ಬಿಡದೆ ಬಂದರೆ ಡೀಸೆಲು ಉರಿಯದೆ ಹೊರಬೀಳುತ್ತಿದೆ, ಇಲ್ಲವೇ ನೀರು ಒಳಗೆ ಸೇರಿದೆ.

ಎರಡನೆಯದು ಪ್ಲಗ್ಗು. ಎಂಜಿನ್ನು ಕಾವಿಗೆ ಬಂದು ಸ್ವಲ್ಪ ಹೊತ್ತು ದುಡಿದ ಮೇಲೆ ನಿಲ್ಲಿಸಿ, ಆರಿದ ಮೇಲೆ ಪ್ಲಗ್ಗು ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣವಿದ್ದರೆ ಉರಿ ಸರಿಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಗಾಳಿಯ ಕೊರತೆ ಅಥವಾ ಇಂಧನ ಹೆಚ್ಚು. ಜಿಡ್ಡಾದ ಕಪ್ಪಿದ್ದರೆ ಆಯಿಲ್ ಬರುತ್ತಿದೆ. ಬೂದಿಯಂತೆ ಬೆಳ್ಳಗಿದ್ದರೆ ಇಂಧನ ಸಾಲದೆ ಎಂಜಿನ್ನು ಅತಿಯಾಗಿ ಕಾಯುತ್ತಿದೆ. ಜೆಟ್ಟಿನಲ್ಲಿ ಗೋಂದು ಕಟ್ಟಿದಾಗ ಹೀಗಾಗುವುದುಂಟು.

ಮೂರನೆಯದು ಶಬ್ದ. ಏರಿನಲ್ಲಿ ಟಕಟಕ ಬಡಿತ, ಕೀಲಿ ತೆಗೆದ ಮೇಲೂ ಓಡುವುದು, ಇವು ಪಿಸ್ಟನ್ನಿನ ತಲೆಯ ಮೇಲೆ ಮಸಿ ದಪ್ಪವಾಗಿದೆ ಎಂಬುದರ ಸೂಚನೆ ಆಗಿರಬಹುದು. ಮಸಿ ತುಂಬಿದಷ್ಟು ಒಳಗಿನ ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ, ಕೆಂಡವಾದ ಮಸಿಯ ಚೂರು ಕಿಡಿಗೆ ಮೊದಲೇ ಬೆಂಕಿ ಹತ್ತಿಸುತ್ತದೆ.

ಕಾರಣ ಹುಡುಕುವ ಕ್ರಮ

ಖರ್ಚು ಕಡಿಮೆ ಇರುವುದನ್ನು ಮೊದಲು ನೋಡುವುದು ಲೇಸು.

1. ಏರ್ ಫಿಲ್ಟರು. ಕಾಗದದ್ದಾದರೆ ಮೆಲ್ಲಗೆ ತಟ್ಟಿ ಧೂಳು ಕೊಡವಿ, ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ಹೊಸದು ಹಾಕಿ. ಅದನ್ನು ನೀರಿನಲ್ಲಿ ತೊಳೆಯಬಾರದು. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಿ. ಹಳೆಯ ಜೀಪು, ಡೀಸೆಲ್ ಪಂಪ್‌ಸೆಟ್ಟುಗಳಲ್ಲಿರುವ ಆಯಿಲ್ ಬಟ್ಟಲಿನ ಫಿಲ್ಟರಾದರೆ ಬಟ್ಟಲಿನ ಕೆಸರು ಚೆಲ್ಲಿ, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುರುತಿನವರೆಗೆ ಹೊಸ ಆಯಿಲ್ ತುಂಬಿ.

2. ಚೋಕು. ಎಲೆ ಪೂರ್ತಿ ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಿ. ಗುಂಡಿಯನ್ನು ನಂಬಬೇಡಿ.

3. ಕಾವು. ಥರ್ಮೋಸ್ಟಾಟ್ ಇದೆಯೇ? ಮನೆಯಿಂದ ತೋಟಕ್ಕೆ ಎರಡು ಕಿಲೋಮೀಟರು, ತೋಟದಿಂದ ಮನೆಗೆ ಎರಡು ಕಿಲೋಮೀಟರು, ಹೀಗೇ ವರ್ಷವಿಡೀ ಓಡಿದ ಕಾರು ಕಾವಿಗೇ ಬರುವುದಿಲ್ಲ. ವಾರಕ್ಕೊಮ್ಮೆಯಾದರೂ ಮೈಸೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ಸಮನೆ ಓಡಿಸಿ.

4. ಕಿಡಿ. ಪ್ಲಗ್ಗಿನ ಸಂದು ಕೈಪಿಡಿ ಹೇಳಿದಷ್ಟಿರಲಿ. ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರು.

5. ಇಂಧನ. ಎಷ್ಟು ದಿನದ್ದು, ಯಾವ ಡಬ್ಬಿಯಲ್ಲಿತ್ತು, ತಳದಲ್ಲಿ ನೀರಿದೆಯೇ? ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಹತ್ತು ನಿಮಿಷ ಬಿಟ್ಟು ನೋಡಿದರೆ ನೀರೂ ಕಸವೂ ತಳಕ್ಕಿಳಿದು ಕಾಣುತ್ತವೆ.

ಇಲ್ಲಿ ಎಥನಾಲಿನ ವಿಷಯ ಹೇಳಬೇಕು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ಎಥನಾಲಿನಿಂದ ಮಸಿ ಹೆಚ್ಚುತ್ತದೆ ಎಂಬ ಮಾತು ಸರಿಯಲ್ಲ, ಅದು ಶುಭ್ರವಾಗಿಯೇ ಉರಿಯುತ್ತದೆ. ತೊಂದರೆ ಇರುವುದು ನಿಲ್ಲಿಸಿಟ್ಟಾಗ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಹಳೆಯ ಟ್ಯಾಂಕಿನ ಗೋಂದನ್ನು ಸಡಿಲಿಸಿ ಜೆಟ್ಟಿಗೆ ತಂದು ಕೂರಿಸುವುದೂ ಉಂಟು. ಹಳೆಯ ಯಂತ್ರಗಳ ರಬ್ಬರು ಕೊಳವೆ, ಡಯಾಫ್ರಂ ಮೆತ್ತಗಾಗುತ್ತವೆ. ಆದುದರಿಂದ ಸ್ಪ್ರೇಯರಿಗೂ ಕಳೆ ಯಂತ್ರಕ್ಕೂ ತಿಂಗಳಿಗೆ ಬೇಕಾದಷ್ಟೇ ಪೆಟ್ರೋಲು ತನ್ನಿ. ಡಬ್ಬಿಯ ಬಾಯಿ ಬಿಗಿಯಾಗಿರಲಿ.

ಕಾರ್ಬುರೇಟರ್ ತೊಳೆಯುವ ಕ್ರಮ

ಕಾರಣ ಸರಿಪಡಿಸಿದ ಮೇಲೆ ತೊಳೆತ. ಇದು ಸ್ಪ್ರೇಯರು, ಪೆಟ್ರೋಲ್ ಅಥವಾ ಸೀಮೆಎಣ್ಣೆ ಪಂಪ್‌ಸೆಟ್ಟು, ಹಳೆಯ ಕಾರು ಮೂರಕ್ಕೂ ಒಪ್ಪುವ ಕ್ರಮ.

ಎಂಜಿನ್ನು ಪೂರ್ತಿ ಆರಿರಬೇಕು. ಬಯಲಿನಲ್ಲಿ ಕೂತು ಮಾಡಿ. ಹತ್ತಿರ ಬೀಡಿ, ಒಲೆ, ದೀಪ ಯಾವುದೂ ಇರಬಾರದು. ಪ್ಲಗ್ಗಿನ ತಂತಿ ಬಿಚ್ಚಿಡಿ. ಕಾರಾದರೆ ಬ್ಯಾಟರಿಯ ತಂತಿಯನ್ನೂ ಬಿಚ್ಚಿ. ಕೆಳಗೆ ಒಂದು ಬಿಳಿ ಬಟ್ಟೆ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಮೊಬೈಲಿನಲ್ಲಿ ಒಂದೊಂದು ಹಂತಕ್ಕೂ ಚಿತ್ರ ತೆಗೆದಿಟ್ಟರೆ ಮತ್ತೆ ಜೋಡಿಸುವಾಗ ಗೊಂದಲವಿಲ್ಲ.

ಇಂಧನದ ನಲ್ಲಿ ಮುಚ್ಚಿ, ಬಟ್ಟಲಿನಲ್ಲಿರುವುದನ್ನು ಒಂದು ಡಬ್ಬಿಗೆ ಬಸಿದುಕೊಳ್ಳಿ. ಬಟ್ಟಲು ಬಿಚ್ಚಿ, ಫ್ಲೋಟು ಮತ್ತು ಅದರ ಸೂಜಿಯನ್ನು ಜೋಪಾನವಾಗಿ ತೆಗೆಯಿರಿ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲು ಕುಲುಕಿದರೆ ಫ್ಲೋಟು ತೂತಾಗಿದೆ. ಅದು ತೇಲದೆ ಇಂಧನ ಉಕ್ಕಿ, ಮಸಿಗೆ ಅದೇ ಕಾರಣವಾಗಿರುತ್ತದೆ.

ಗಾಳಿ, ಇಂಧನ ಹದಮಾಡುವ ತಿರುಪನ್ನು ತೆಗೆಯುವ ಮೊದಲು, ಅದು ಮೆಲ್ಲಗೆ ತಳ ಮುಟ್ಟುವವರೆಗೆ ಎಷ್ಟು ಸುತ್ತು ಒಳಕ್ಕೆ ಹೋಗುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಮರಳಿ ಹಾಕುವಾಗ ಅಷ್ಟೇ ಸುತ್ತು ಹೊರಗಿಡಿ. ಈ ಒಂದು ಸಣ್ಣ ಲೆಕ್ಕ ಬರೆಯದೆ ಒಂದು ದಿನವಿಡೀ ಹಗ್ಗ ಎಳೆದವರುಂಟು.

ಜೆಟ್ಟನ್ನು ಅಳತೆಗೆ ಸರಿಯಾದ ಸ್ಕ್ರೂಡ್ರೈವರಿನಿಂದಲೇ ತೆಗೆಯಬೇಕು. ಹಿತ್ತಾಳೆ ಮೆತ್ತಗಿನ ಲೋಹ, ಗಾಡಿ ಕೆಟ್ಟರೆ ತಿರುಪು ಬರುವುದೇ ಇಲ್ಲ. ರಬ್ಬರು ವಾಷರು, ಡಯಾಫ್ರಂಗಳನ್ನು ಬೇರೆ ತೆಗೆದಿಟ್ಟು, ಲೋಹದ ಭಾಗಗಳನ್ನು ಮಾತ್ರ ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ. ಅರ್ಧ ಗಂಟೆಯ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಪ್ರತಿಯೊಂದು ತೂತಿಗೂ ಗಾಳಿ ಹೊಡೆಯಿರಿ. ಸೈಕಲ್ ಪಂಪು ಸಾಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಹೊಡೆದ ದ್ರವ ಮುಖಕ್ಕೇ ಹಾರುತ್ತದೆ.

ಜೆಟ್ಟಿನ ತೂತಿಗೆ ತಂತಿ ತೂರಿಸಬೇಡಿ. ನಾನೇ ಒಮ್ಮೆ ಸ್ಪ್ರೇಯರಿನ ಜೆಟ್ಟಿಗೆ ಉಕ್ಕಿನ ತಂತಿ ಹಾಕಿ ತಿರುಗಿಸಿದೆ. ತೂತು ಕಣ್ಣಿಗೆ ಕಾಣದಷ್ಟು ಹಿಗ್ಗಿತು. ಅಂದಿನಿಂದ ಆ ಯಂತ್ರ ಕಪ್ಪು ಹೊಗೆ ಕಾರತೊಡಗಿತು, ಹೊಸ ಜೆಟ್ಟು ಹಾಕುವವರೆಗೆ ನಿಲ್ಲಲಿಲ್ಲ. ಮಸಿ ತೆಗೆಯಲು ಹೋಗಿ ಮಸಿಗೆ ದಾರಿ ಮಾಡಿಕೊಟ್ಟಿದ್ದೆ.

ಇಂಜೆಕ್ಟರ್ ಇರುವ ಕಾರುಗಳು

1983ರಲ್ಲಿ ಬಂದ ಮಾರುತಿ 800 ಕಾರ್ಬುರೇಟರಿನ ಕಾರು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಪೆಟ್ರೋಲ್ ಕಾರುಗಳಿಗೆ ಇಂಜೆಕ್ಟರ್ ಬಂದಿತು. ಅದೇ 2000ದಲ್ಲಿ ಸೀಸ ಬೆರೆತ ಪೆಟ್ರೋಲೂ ದೇಶದಲ್ಲಿ ನಿಂತಿತು. ಹಿಂದೆ ನಿಗದಿಯಾದ ದೂರ ಓಡಿದ ಮೇಲೆ ಹೆಡ್ ಇಳಿಸಿ ಕಾರ್ಬನ್ ಕೆರೆಯುವುದು ವಾಡಿಕೆಯಾಗಿತ್ತು. ಈಗಿನ ಕಾರಿಗೆ ಲಕ್ಷಣವಿಲ್ಲದೆ ಹಾಗೆ ಮಾಡಿಸುವ ಅಗತ್ಯವಿಲ್ಲ.

ಇಂಜೆಕ್ಟರ್ ಕಾರಿನಲ್ಲಿ ಕೊಳೆ ಕೂರುವ ಜಾಗ ಮೂರು: ಇಂಜೆಕ್ಟರಿನ ತುದಿ, ಒಳಹರಿವಿನ ವಾಲ್ವಿನ ಬೆನ್ನು, ಗಾಳಿಯ ದ್ವಾರವಾದ ಥ್ರಾಟಲ್ ಬಾಡಿ. ಟ್ಯಾಂಕಿಗೆ ಹಾಕುವ ಬಾಟಲಿ ಔಷಧಿ ಇಂಧನ ಹೋದ ದಾರಿಯಲ್ಲಿ ಮಾತ್ರ ಹೋಗುತ್ತದೆ. ಪಾಲಿಈಥರ್ ಅಮೈನ್ ಇರುವ ಔಷಧಿ ಇಂಜೆಕ್ಟರಿನ ತುದಿಯ ತೆಳು ಕೊಳೆಯನ್ನು ನಿಧಾನವಾಗಿ ಕರಗಿಸಬಲ್ಲದು. ಥ್ರಾಟಲ್ ಬಾಡಿಗೆ ಪೆಟ್ರೋಲು ಬರುವುದೇ ಇಲ್ಲ, ಅಲ್ಲಿಯ ಕೊಳೆಗೆ ಬಾಟಲಿ ಏನೂ ಮಾಡದು. ಪೆಟ್ರೋಲು ನೇರವಾಗಿ ಸಿಲಿಂಡರಿಗೇ ಚಿಮ್ಮುವ ಹೊಸ ಬಗೆಯ ಎಂಜಿನ್ನುಗಳಲ್ಲಿ ವಾಲ್ವಿನ ಬೆನ್ನಿಗೂ ಪೆಟ್ರೋಲು ತಾಗದು. ಅಲ್ಲಿ ಕೈಯಿಂದಲೇ ತೆಗೆಸಬೇಕು. ಬಾಟಲಿ ಕೊಳ್ಳುವ ಮೊದಲು 'ನನ್ನ ಕೊಳೆ ಇರುವ ಜಾಗಕ್ಕೆ ಇದು ಹೋಗುತ್ತದೆಯೇ' ಎಂದು ಕೇಳಿಕೊಳ್ಳಿ.

ಥ್ರಾಟಲ್ ಬಾಡಿಯನ್ನು ತಾವೇ ಒರೆಸಬಹುದು. ಎಂಜಿನ್ನು ನಿಲ್ಲಿಸಿ, ಅದಕ್ಕೆಂದೇ ಇರುವ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಎಲೆಯನ್ನು ಬೆರಳಿನಿಂದ ಒತ್ತಿ ತೆರೆಯಬಾರದು, ಒಳಗಿನ ಹಲ್ಲು ಮುರಿಯುತ್ತದೆ. ಗಾಳಿ ಅಳೆಯುವ ಸೆನ್ಸರಿಗೆ ಕಾರ್ಬುರೇಟರ್ ಕ್ಲೀನರ್ ತಾಗಿಸಬಾರದು.

ಡೀಸೆಲ್ ಎಂಜಿನ್ನು

ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನು ಕಪ್ಪು ಹೊಗೆ ಕಾರಿದರೆ ಮೊದಲು ಏರ್ ಫಿಲ್ಟರು, ಆಮೇಲೆ ಹೊರೆ ನೋಡಿ. ಎಂಜಿನ್ನಿನ ಶಕ್ತಿಗೆ ಮೀರಿದ ಪಂಪು ಕಟ್ಟಿದ್ದರೆ ಹೊಗೆ ಬಂದೇ ಬರುತ್ತದೆ. ಅದಕ್ಕೆ ವಿರುದ್ಧವಾಗಿ ದೊಡ್ಡ ಎಂಜಿನ್ನಿಗೆ ಹೊರೆಯೇ ಇಲ್ಲದೆ ಗಂಟೆಗಟ್ಟಲೆ ಸುಮ್ಮನೆ ಓಡಿಸಿದರೂ ಕಾವು ಸಾಲದೆ ಕಾರ್ಬನ್ ಕಟ್ಟುತ್ತದೆ. ಡೀಸೆಲ್ ಫಿಲ್ಟರಿನ ತಳದ ನೀರನ್ನು ಕಾಲಕಾಲಕ್ಕೆ ಬಸಿಯಿರಿ. ಫಿಲ್ಟರು ಬದಲಿಸಿದ ಮೇಲೆ ಕೊಳವೆಯಲ್ಲಿ ಸಿಕ್ಕಿದ ಗಾಳಿಯನ್ನು ಹೊರಹಾಕಿ.

ಇಷ್ಟಾದರೂ ಹೊಗೆ ನಿಲ್ಲದಿದ್ದರೆ ದೋಷ ನಾಜಲಿನದಿರಬಹುದು. ತುದಿಗೆ ಕಾರ್ಬನ್ ಕಟ್ಟಿದ ನಾಜಲು ಡೀಸೆಲನ್ನು ಮಂಜಿನಂತೆ ಚಿಮ್ಮದೆ ಹನಿಹನಿಯಾಗಿ ಸುರಿಸುತ್ತದೆ. ಹನಿ ಪೂರ್ತಿ ಉರಿಯದೆ ಇನ್ನಷ್ಟು ಕಾರ್ಬನ್ ಕಟ್ಟುತ್ತದೆ. ಹಾಗೇ ಬಿಟ್ಟರೆ ಪಿಸ್ಟನ್ನಿನ ತಲೆಯೇ ಸುಟ್ಟು ತೂತಾದೀತು. ನಾಜಲನ್ನು ಬಿಚ್ಚಿ ಡೀಸೆಲ್ ಪಂಪ್ ರಿಪೇರಿಯವರಲ್ಲಿ ಒತ್ತಡಕ್ಕಿಟ್ಟು ಪರೀಕ್ಷೆ ಮಾಡಿಸುವುದೇ ಸರಿ. ತುದಿಯನ್ನು ಹಿತ್ತಾಳೆ ಬ್ರಷ್ಷಿನಿಂದ ಮೃದುವಾಗಿ ಉಜ್ಜಬಹುದು, ಉಪ್ಪುಕಾಗದ ತಾಗಿಸಬಾರದು. ಮರಳಿ ಹಾಕುವಾಗ ತಾಮ್ರದ ವಾಷರು ಹೊಸದಿರಲಿ.

ನಾಜಲು ಚಿಮ್ಮುತ್ತದೆಯೇ ಎಂದು ಕೈಯೊಡ್ಡಿ ನೋಡುವ ಕೆಟ್ಟ ರೂಢಿ ಕೆಲವರಲ್ಲುಂಟು. ಸಣ್ಣ ಎಂಜಿನ್ನಿನ ನಾಜಲು ಕೂಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಒತ್ತಡದಲ್ಲಿ ತೆರೆಯುತ್ತದೆ. ಆ ಡೀಸೆಲು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಮಾಂಸ ಸತ್ತು ಬೆರಳನ್ನೇ ಕತ್ತರಿಸಬೇಕಾಗಬಹುದು. ಹಾಗಾದರೆ ನೋವಿಲ್ಲವೆಂದು ಮನೆಯಲ್ಲಿ ಕೂರಬೇಡಿ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ.

2020ರ ಏಪ್ರಿಲ್ 1ರ ನಂತರದ ಬಿ.ಎಸ್. 6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರಿರುತ್ತದೆ. ಎಂಜಿನ್ನು ಚೆನ್ನಾಗಿ ಕಾದು ಓಡಿದಾಗ ಆ ಮಸಿ ತಾನೇ ಉರಿದುಹೋಗುತ್ತದೆ. ಬರೀ ತೋಟ, ಮನೆ ಎಂದು ಓಡಿಸಿದರೆ ತುಂಬಿಕೊಂಡು ದೀಪ ಹೊತ್ತುತ್ತದೆ. ದೀಪ ಹೊತ್ತಿದ ದಿನವೇ ಕೈಪಿಡಿ ಹೇಳಿದಂತೆ ಹೆದ್ದಾರಿಯಲ್ಲಿ ಓಡಿಸಿ. ತಡಮಾಡಿದಷ್ಟೂ ಖರ್ಚು.

ಎರಡು ಸ್ಟ್ರೋಕಿನ ಸ್ಪ್ರೇಯರು, ಕಳೆ ಯಂತ್ರ

ಇವುಗಳಲ್ಲಿ ಆಯಿಲ್ಲೇ ಪೆಟ್ರೋಲಿನೊಡನೆ ಉರಿಯುವುದರಿಂದ ಕಾರ್ಬನ್ ಸಹಜ. ಅಳತೆ ತಪ್ಪಿದರೆ ಅತಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿಲೀಟರು ಆಯಿಲ್. 5 ಲೀಟರಿಗೆ ಕ್ರಮವಾಗಿ 100 ಮತ್ತು 200. 'ಇರಲಿ, ಎಂಜಿನ್ನಿಗೆ ಒಳ್ಳೆಯದು' ಎಂದು ಹೆಚ್ಚು ಸುರಿಯಬಾರದು. ಉಳಿತಾಯವೆಂದು ಕಡಿಮೆ ಹಾಕಿದರಂತೂ ಪಿಸ್ಟನ್ನು ಹಿಡಿದೇ ಬಿಡುತ್ತದೆ. ಎರಡು ಸ್ಟ್ರೋಕಿನ ಆಯಿಲ್ಲೇ ಆಗಬೇಕು. ಅಳತೆಯ ಲೋಟವೊಂದನ್ನು ಡಬ್ಬಿಗೇ ಕಟ್ಟಿಡಿ, ಆಳುಗಳ ಕೈಯಲ್ಲೂ ತಪ್ಪಾಗದು.

ಯಂತ್ರ ಶುರುವಾಗುತ್ತದೆ ಆದರೆ ಶಕ್ತಿ ಇಲ್ಲ ಎಂದಾದರೆ ಕಾರ್ಬುರೇಟರಿಗೆ ಕೈಹಾಕುವ ಮುನ್ನ ಸೈಲೆನ್ಸರು ಬಿಚ್ಚಿ ನೋಡಿ. ಕಿಡಿ ತಡೆಯುವ ಜಾಲರಿ ಮಸಿಯಿಂದ ಮುಚ್ಚಿರುತ್ತದೆ. ಅದನ್ನು ಬ್ರಷ್ಷಿನಿಂದ ಉಜ್ಜಿ. ಎಂಜಿನ್ನಿನ ಹೊಗೆದ್ವಾರದಲ್ಲೂ ಕಾರ್ಬನ್ ಇದ್ದರೆ ಹಗ್ಗವನ್ನು ಮೆಲ್ಲಗೆ ಎಳೆದು ಪಿಸ್ಟನ್ನು ಆ ದ್ವಾರವನ್ನು ಪೂರ್ತಿ ಮುಚ್ಚುವಂತೆ ಮಾಡಿ, ಬಿದಿರಿನ ಅಥವಾ ಅಡಿಕೆ ದಬ್ಬೆಯ ಚಕ್ಕೆಯಿಂದ ಕೆರೆಯಿರಿ. ಉಕ್ಕಿನ ಚಾಕು ಪಿಸ್ಟನ್ನಿಗೆ ಗೀರು ಹಾಕುತ್ತದೆ. ಸೈಲೆನ್ಸರನ್ನು ಒಲೆಗೆ ಹಾಕಿ ಸುಡುವ ಪದ್ಧತಿ ಬೇಡ, ತೆಳು ತಗಡು ಸೊಟ್ಟಗಾಗುತ್ತದೆ.

ಮಾಡಬಾರದ ಮೂರು ಕೆಲಸ

ಓಡುತ್ತಿರುವ ಎಂಜಿನ್ನಿನ ಬಾಯಿಗೆ ನೀರು ಬಿಟ್ಟರೆ ಕಾರ್ಬನ್ ಉದುರುತ್ತದೆ ಎಂಬ ಹಳೆಯ ಉಪಾಯವೊಂದುಂಟು. ಸ್ವಲ್ಪ ಹೆಚ್ಚಾದರೂ ನೀರು ಪಿಸ್ಟನ್ನಿನ ಮೇಲೆ ನಿಂತು, ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬೇಡ.

ಓಡುತ್ತಿರುವ ಡೀಸೆಲ್ ಎಂಜಿನ್ನಿನ ಗಾಳಿದಾರಿಗೆ ಕಾರ್ಬುರೇಟರ್ ಕ್ಲೀನರನ್ನಾಗಲಿ ಪೆಟ್ರೋಲನ್ನಾಗಲಿ ಸಿಂಪಡಿಸಬೇಡಿ. ಅದೇ ಇಂಧನವಾಗಿ ಎಂಜಿನ್ನು ಹಿಡಿತ ತಪ್ಪಿ ಓಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಪೆಟ್ರೋಲ್ ಅಥವಾ ಸೀಮೆಎಣ್ಣೆ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ಅಥವಾ ಮುಚ್ಚಿದ ಪಂಪ್ ಮನೆಯಲ್ಲಿ ಓಡಿಸಬೇಡಿ. ಗಾಳಿ ಕಡಿಮೆಯಾದ ಉರಿಯಿಂದ ಬರೀ ಮಸಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಬ್ಬನು ಬಿದ್ದನೆಂದು ಇನ್ನೊಬ್ಬನು ಇಳಿದು ಇಬ್ಬರೂ ಸಾಯುವುದು ಹೀಗೆಯೇ. ಕಾರ್ಬನ್ ಕಟ್ಟಿ ಕಪ್ಪು ಹೊಗೆ ಕಾರುವ ಎಂಜಿನ್ನಿನಲ್ಲಿ ಈ ವಿಷ ಇನ್ನೂ ಹೆಚ್ಚು.

ವರ್ಷದ ಕೆಲಸ

ಜನವರಿ: ನೀರು ಹಾಯಿಸುವ ಎಂಜಿನ್ನುಗಳ ಏರ್ ಫಿಲ್ಟರು, ಡೀಸೆಲ್ ಫಿಲ್ಟರು, ನಾಜಲು ನೋಡಿಸಿ. ಸುತ್ತೂರು ಜಾತ್ರೆಯ ಕೃಷಿ ಮೇಳದಲ್ಲಿ ಹೊಸ ಯಂತ್ರ ಕೊಳ್ಳುವವರು ಕೈಪಿಡಿಯನ್ನೂ, ಒಂದು ಜೊತೆ ಜೆಟ್ಟು, ಡಯಾಫ್ರಂ, ಫಿಲ್ಟರನ್ನೂ ಅಂಗಡಿಯವರಿಂದ ಅಲ್ಲೇ ಕೇಳಿ ಪಡೆಯುವುದು ಜಾಣತನ.

ಏಪ್ರಿಲ್, ಮೇ: ಸ್ಪ್ರೇಯರನ್ನು ಬೋರ್ಡೋ ಹೊಡೆಯುವುದಕ್ಕೆ ಎರಡು ವಾರ ಮೊದಲೇ ಶುರುಮಾಡಿ ನೋಡಿ. ಕೆಟ್ಟಿದ್ದರೆ ರಿಪೇರಿಗೆ ಸಮಯವಿರುತ್ತದೆ.

ಕೆಲಸ ಮುಗಿದಾಗ: ಟ್ಯಾಂಕು ಬರಿದು ಮಾಡಿ, ಎಂಜಿನ್ನು ತಾನೇ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರನ್ನೂ ಒಣಗಿಸಿ ಇಡಿ. ಈ ಐದು ನಿಮಿಷದ ಕೆಲಸ ಮುಂದಿನ ವರ್ಷದ ಗೋಂದನ್ನು ತಪ್ಪಿಸುತ್ತದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಪ್ಲಗ್ಗಿನ ತುದಿ ಒಣಗಿ ಕಪ್ಪಾಗಿದೆ. ಮೊದಲು ಏನು ನೋಡುವಿರಿ?
2. ಕಳೆ ಯಂತ್ರ ಶುರುವಾಗುತ್ತದೆ, ಶಕ್ತಿ ಇಲ್ಲ. ಮೊದಲು ಯಾವುದನ್ನು ಬಿಚ್ಚುವಿರಿ?
3. 3 ಲೀಟರು ಪೆಟ್ರೋಲಿಗೆ 50ಕ್ಕೆ 1ರಂತೆ ಎಷ್ಟು ಆಯಿಲ್?
4. ಥ್ರಾಟಲ್ ಬಾಡಿಯ ಕೊಳೆಗೆ ಟ್ಯಾಂಕಿಗೆ ಹಾಕುವ ಔಷಧಿ ಏಕೆ ಪ್ರಯೋಜನವಿಲ್ಲ?

ಉತ್ತರ: 1. ಏರ್ ಫಿಲ್ಟರು, ಆಮೇಲೆ ಚೋಕು. 2. ಸೈಲೆನ್ಸರು ಮತ್ತು ಅದರ ಜಾಲರಿ. 3. 60 ಮಿಲಿಲೀಟರು. 4. ಆ ದಾರಿಯಲ್ಲಿ ಬರುವುದು ಗಾಳಿ ಮಾತ್ರ, ಇಂಧನವಲ್ಲ.

ಮುಂದಿನ ಸಲ ಯಾರಾದರೂ 'ಕಾರ್ಬನ್ ಕೂತಿದೆ' ಎಂದರೆ ಸಿಟ್ಟಾಗಬೇಡಿ. 'ಏಕೆ ಕೂತಿತು, ಹೇಳಿ' ಎಂದು ವಿನಯವಾಗಿ ಕೇಳಿ. ಒಳ್ಳೆಯ ಮೆಕ್ಯಾನಿಕ್ಕನಿಗೆ ಆ ಪ್ರಶ್ನೆ ಇಷ್ಟವಾಗುತ್ತದೆ. ಉತ್ತರ ಸಿಗದಿದ್ದರೆ ಯಂತ್ರವನ್ನು ಮನೆಗೆ ತಂದು ಏರ್ ಫಿಲ್ಟರಿನ ಮುಚ್ಚಳ ತೆಗೆಯುವುದರಿಂದ ಶುರುಮಾಡಿ.